ಹಿಂದಿನ ಸೀಟಿನ ಪರೀಕ್ಷೆ

೧೯೬೧ ನವೆಂಬರ್ ೬, ಸೋಮವಾರ

ದುಗ್ಗಮ್ಮ ಸತ್ತು ಇವತ್ತಿಗೆ ಮೂರು ವಾರ. ಅವಳನ್ನು ಕೊಂದ ಕಾರಿನ ಡ್ರೈವರ್ ಅಲಿ ಕುಂಞಿ ಇವತ್ತು, ನಮ್ಮ ಹೆರಿಗೆ ಕೋಣೆ ನಡೆಸುವ ಸೊಸೈಟಿಯ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಮೆಟ್ಟಿಲು ಹತ್ತುವಾಗ ಎದ್ದು ನಿಂತ. ಎದ್ದು ನಿಂತರೆ ಆಯಿತೇ?

ಮೀಟಿಂಗಿಗೆ ನನ್ನನ್ನು ಕರೆದದ್ದು ಯಾಕೆಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಮ್ಮ ಹೆರಿಗೆ ಕೋಣೆಗೆ ಒಂದು ಕಾರು ತೆಗೆಯುತ್ತಾರಂತೆ. ಹನ್ನೊಂದು ವರ್ಷದಿಂದ ನಾನು ಕೇಳುತ್ತಿದ್ದೆ. ಒಂದು ಜೀವ ಹೋದ ಮೇಲೆ ಇವರ ಕಿವಿ ತೆರೆಯಿತು. ಅಧ್ಯಕ್ಷರು ತಿರುಮಲೇಶ್ವರ ಭಟ್ಟರು ಎಲೆಯಡಿಕೆಯನ್ನು ಬಾಯಿಯ ಒಂದು ಬದಿಗೆ ತಳ್ಳಿ ಹೇಳಿದರು:

"ಪುತ್ತೂರಿನಲ್ಲಿ ಎರಡು ಕಾರು ಉಂಟು ನರ್ಸಮ್ಮ. ಒಂದು ಕಪ್ಪು, ದೊಡ್ಡದು, ಡೀಸೆಲ್ ಎಂಜಿನ್ ಕೂರಿಸಿದ್ದು. ಇನ್ನೊಂದು ಬಿಳಿ, ಸಣ್ಣದು, ಪೆಟ್ರೋಲಿಂದು. ಒಳಗೆ ಹೆಂಗಸರಿಗೆ ಹೇಗೆ ಆಗ್ತದೆ ಅಂತ ನೀವು ನೋಡಿ. ಎಂಜಿನ್ ಅಲಿ ಕುಂಞಿ ನೋಡ್ತಾನೆ."

"ಬೇರೆ ಯಾರೂ ಸಿಕ್ಕಲಿಲ್ವಾ ನಿಮಗೆ?"

"ಎಂಜಿನ್ ಗೊತ್ತಿದ್ದವ ಈ ಐದು ಊರಲ್ಲಿ ಅವ ಒಬ್ಬನೇ ಅಲ್ವಾ ಮಾರಾಯ್ರೆ. ಈಗ ಹೇಗೂ ಅವನಿಗೆ ಕೆಲಸ ಇಲ್ಲ."

ಕೆಲಸ ಇಲ್ಲದ ಹಾಗೆ ಮಾಡಿದವಳು ನಾನು. ಅವನ ಬಾಡಿಗೆ ಕಾರಿನ ಪರ್ಮಿಟ್ ರದ್ದು ಮಾಡಬೇಕೆಂದು ಪುತ್ತೂರಿನ ಕಚೇರಿಗೆ ಬರೆದೆ. ಕಾರು ಓಡಿಸದಂತೆ ತಡೆದಿದ್ದಾರೆ. ಡಿಸೆಂಬರ್ ನಾಲ್ಕಕ್ಕೆ ವಿಚಾರಣೆ. ಅಲ್ಲಿ ನಾನು ಹೇಳುವ ಮಾತಿನ ಮೇಲೆ ಅವನ ಅನ್ನ ನಿಂತಿದೆ. ನಿಲ್ಲಲಿ.

ಅರ್ಜಿಯಲ್ಲಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೆಚ್ಚು ಜನ ಹಿಡಿಯಲೆಂದು ಹಿಂದಿನ ಸೀಟಿನ ಸ್ಪ್ರಿಂಗು ಕಿತ್ತು ಹಲಗೆ ಹಾಕಿಸಿದ್ದ. ಕೊಲ್ಲಮೊಗ್ರಿನಿಂದ ಕಂಬಳಿಯಲ್ಲಿ ಹೊತ್ತು ತಂದ ದುಗ್ಗಮ್ಮನನ್ನು ಪುತ್ತೂರಿನ ಆಸ್ಪತ್ರೆಗೆ ಒಯ್ಯಲು ಆ ಹಲಗೆಯ ಮೇಲೆ ಮಲಗಿಸಬೇಕಾಯಿತು. ಕಾರು ಪುತ್ತೂರಿಗೆ ಹೋಗುತ್ತದೆಂದರೆ ಸಾಕು, ಈ ಊರಿನವರಿಗೆಲ್ಲ ಪುತ್ತೂರಿನಲ್ಲಿ ಕೆಲಸ ಹುಟ್ಟಿಕೊಳ್ಳುತ್ತದೆ. ಗಂಡ ಅಚ್ಚುತ, ಅತ್ತೆ, ಭಾವ, ಕೋರ್ಟಿನಲ್ಲಿ ವಾಯಿದೆ ಇದ್ದ ಚಿಕ್ಕಪ್ಪ, ಕನ್ನಡಕ ರಿಪೇರಿಗೆ ಹೊರಟ ನೆರೆಮನೆಯವರು. ಅವಳು, ನಾನು, ಡ್ರೈವರ್ ಸೇರಿ ಎಂಟು. ಡಿಕ್ಕಿಯಲ್ಲಿ ಸಾಮಾನು. ಎಲ್ಲರನ್ನೂ ಹತ್ತಿಸಿಕೊಂಡ. ಕರಿಕಲ್ಲು ಏರಿನ ಅರ್ಧಕ್ಕೆ ಕಾರು ನಿಂತಿತು. ಜನ ಇಳಿದರು. ಆ ಡೀಸೆಲ್ ಎಂಜಿನಿನ ಗಲಾಟೆಯಲ್ಲಿ ಮಗುವಿನ ಎದೆಬಡಿತ ಕೇಳಿಸದೆ, ಒಂದು ನಿಮಿಷ ಎಂಜಿನ್ ನಿಲ್ಲಿಸಿ ಎಂದೆ. ನಿಲ್ಲಿಸಿದ. ಮತ್ತೆ ಅದು ಹಿಡಿಯಲಿಲ್ಲ. ತಳ್ಳಿದರು, ಹಿಂದಕ್ಕೆ ಬಿಟ್ಟರು, ಮತ್ತೆ ತಳ್ಳಿದರು. ಮುಕ್ಕಾಲು ಗಂಟೆ. ಏರಿನ ತುದಿ ಮುಟ್ಟುವ ಮೊದಲೇ ತಾಯಿ ಮಗು ಎರಡೂ ಮುಗಿದಿದ್ದವು. ಅವಳಿಗೆ ಇಪ್ಪತ್ತೆರಡು.

ಕಡಬದಲ್ಲಿ ನರ್ಸಿನ ಕೆಲಸ ಖಾಲಿ ಇದೆಯಂತೆ. ಅರ್ಜಿ ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಈ ಕಾರಿನ ಕೆಲಸ ಮುಗಿದ ದಿನ ಟಪ್ಪಾಲಿಗೆ ಹಾಕುತ್ತೇನೆ.


ನವೆಂಬರ್ ೯, ಗುರುವಾರ

ಪುತ್ತೂರಿಗೆ ಬಸ್ಸಿನಲ್ಲಿ ಹೋದೆವು. ನಾನು ಮುಂದೆ, ಅವನು ಕಟ್ಟಕಡೆಯ ಸೀಟಿನಲ್ಲಿ. ಭಟ್ಟರು ನಡುವೆ ಕುಳಿತು ಇಬ್ಬರಿಗೂ ಕೇಳುವ ಹಾಗೆ ಮಾತಾಡುತ್ತ ಬಂದರು.

ಕಪ್ಪು ಕಾರು ಮರದ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಇತ್ತು. ಭಟ್ಟರು ಮುಂದಿನ ಸೀಟಿನಲ್ಲಿ ಕುಳಿತು ಎರಡು ಸಲ ಮೇಲೆ ಕೆಳಗೆ ಕುಣಿದರು. "ಮದುವೆ ಮನೆಯ ಸೋಫಾದ ಹಾಗೆ ಉಂಟು ನರ್ಸಮ್ಮ! ಒಂಬತ್ತು ಜನ ಆರಾಮಲ್ಲಿ ಹೋಗ್ಬಹುದು."

ಒಂಬತ್ತು ಜನ! ಮೂರು ವಾರದಲ್ಲೇ ಮರೆತಿದ್ದಾರೆ.

"ಗರ್ಭಿಣಿ ಕುಣಿಯುವುದಿಲ್ಲ, ಭಟ್ರೆ. ಮಲಗುತ್ತಾಳೆ" ಎಂದು ಹೇಳಿ ಹಿಂದಿನ ಬಾಗಿಲು ತೆರೆದು ನಾನೇ ಮಲಗಿದೆ. ಎದುರಿನ ಹೋಟೆಲಿನಿಂದ ನಾಲ್ಕು ಜನ ಬಂದು ನೋಡಿದರು. ನಲವತ್ತೇಳು ವರ್ಷದ ಹೆಂಗಸು ಬೀದಿಗೆ ಕಾಣುವ ಕಾರಿನೊಳಗೆ ಅಂಗಾತ ಮಲಗುವುದು ಅವರಿಗೆ ತಮಾಷೆ. ಸೆರಗು ಸರಿಮಾಡಿಕೊಂಡು ಸೂರನ್ನು ನೋಡುತ್ತ ಇದ್ದೆ. ಕಾಲು ಪೂರ್ತಿ ಚಾಚಲು ಬರುತ್ತದೆ. ಆದರೆ ಸೀಟಿನ ನಡುಭಾಗ ಕುಸಿದಿದೆ. ಸೊಂಟ ಹೊಂಡಕ್ಕೆ ಇಳಿಯುತ್ತದೆ. ನೋವು ಬಂದಾಗ ಒದ್ದು ಹಿಡಿಯಲು ಆಧಾರವಿಲ್ಲ. ನಾನು ಪಕ್ಕದಲ್ಲಿ ಮಂಡಿಯೂರಿದರೆ ಕೈಯಾಡಿಸುವಷ್ಟು ಜಾಗ ಇದೆ, ಅದೊಂದು ಒಳ್ಳೆಯದು.

"ಸ್ಟಾರ್ಟ್ ಮಾಡಿ" ಎಂದೆ, ಯಾರಿಗೆಂದು ಹೇಳದೆ.

ಅವನು ಮಾಡಿದ. ಹಲ್ಲು ಒಂದಕ್ಕೊಂದು ತಾಗಿತು. ಕಿಟಕಿ ಗಾಜು, ಬೂದಿ ಡಬ್ಬಿ, ನನ್ನ ಬಳೆ, ಎಲ್ಲ ಮಾತಾಡಲು ಹಿಡಿದವು. ಅದೇ ಶಬ್ದ. ಎದ್ದು ಹೊರಗೆ ಬಂದೆ.

ಅವನು ಬಾನೆಟ್ ಎತ್ತಿ ತುಂಬ ಹೊತ್ತು ನೋಡಿ ಭಟ್ಟರಿಗೆ ಹೇಳಿದ: "ಎಂಜಿನ್ ಗಟ್ಟಿ ಉಂಟು. ಎಣ್ಣೆ ಕಡಿಮೆ ಕುಡೀತದೆ. ಆದ್ರೆ ಇದು ಕಾರಿಗೆ ಹುಟ್ಟಿದ್ದಲ್ಲ, ಲಾರಿಯ ತಮ್ಮ. ಕಾರಿನ ಮೈ ಇದನ್ನು ತಡ್ಕೊಳ್ಳುದಿಲ್ಲ."

"ನಿನ್ನ ಕಾರಿಗೂ ನೀನು ಡೀಸೆಲ್ಲೇ ಹಾಕಿಸಿದ್ದಲ್ವಾ ಮಾರಾಯ?"

"ಹಾಕಿಸಿದ್ದು ಹೌದು" ಎಂದ. ನನ್ನ ಕಡೆ ನೋಡಲಿಲ್ಲ. ನೋಡಬೇಕಿತ್ತು.


ನವೆಂಬರ್ ೧೩, ಸೋಮವಾರ

ನೆಟ್ಟಣದ ಕಡೆಯ ಹೆಂಗಸಿಗೆ ಗಂಡು ಮಗು. ಆರು ಪೌಂಡು. ತಾಯಿ ಕ್ಷೇಮ.

ಆಯಾ ತಿಮ್ಮಕ್ಕ ಮಗುವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತ, "ಮಕ್ಕಳಿಗೆ ಅಂಗಿ ಹೊಲೀದೆ ಒಂದು ತಿಂಗಳಾಯ್ತಲ್ಲ ಅಮ್ಮ. ಮೆಷಿನಿಗೆ ಎಂತ ಆದದ್ದು?" ಎಂದಳು.

"ಪೆಡಲ್ ಸರಿ ಇಲ್ಲ, ಗೊತ್ತಿಲ್ವಾ?"

"ಅವತ್ತು ರಿಪೇರಿಗೆ ಅಂತ—"

"ಕೆಲಸ ನೋಡು" ಎಂದು ಗದರಿಸಿದೆ. ಅವಳು ಎರಡು ದಿನ ಮಾತು ಬಿಡುತ್ತಾಳೆ. ಬಿಡಲಿ. ಎಲ್ಲರಿಗೂ ಎಲ್ಲದಕ್ಕೂ ಉತ್ತರ ಕೊಡಲು ನಾನು ಇಲ್ಲಿ ಕುಳಿತಿಲ್ಲ.

ಮೆಷಿನಿನ ಮೇಲೆ ಹಾಸಿದ ಬೆಡ್‌ಶೀಟ್ ಜಾರಿತ್ತು. ಸರಿಮಾಡಿದೆ.


ನವೆಂಬರ್ ೧೭, ಶುಕ್ರವಾರ

ಬಿಳಿ ಕಾರು. ನಾಲ್ಕು ಬಾಗಿಲು. ಮುಂದಿನವು ಎರಡು ತಿರುಗುಮುರುಗಾಗಿ ಹಿಂದಕ್ಕೆ ತೆರೆಯುತ್ತವೆ. ಪುತ್ತೂರಿನ ವಕೀಲರೊಬ್ಬರದು, ನಾಲ್ಕು ವರ್ಷ ಓಡಿದೆ. ನೋಡಿದ ಕೂಡಲೇ ಭಟ್ಟರು ಮುಖ ಸಣ್ಣ ಮಾಡಿದರು: "ಇದೆಂತದು, ಬೆಂಕಿಪೆಟ್ಟಿಗೆ!"

ಸೀಟು ಗಟ್ಟಿ. ಕುಸಿಯುವುದಿಲ್ಲ. ಅಂಗಾತ ಮಲಗಿದರೆ ಕಾಲು ಬಾಗಿಲಿಗೆ ತಾಗುತ್ತದೆ. ನಾನು ಮತ್ತೆ ಯೋಚಿಸಿ ಎಡಮಗ್ಗುಲಾಗಿ ಮಂಡಿ ಮಡಚಿ ಮಲಗಿದೆ. ಸರಿಯಾಗಿ ಹಿಡಿಸಿತು. ಹೆರುವವಳನ್ನು ಮಲಗಿಸಬೇಕಾದದ್ದು ಹಾಗೆಯೇ. ಪಾದಕ್ಕೆ ಬಾಗಿಲಿನ ಆಧಾರ, ಬೆನ್ನಿಗೆ ಸೀಟಿನ ಆಧಾರ. ಈ ಕಾರು ಮಾಡಿದವರು ಇದನ್ನು ಯೋಚಿಸಿ ಮಾಡಿರಲಾರರು; ಆದರೂ ಆಗಿದೆ. ನಾನು ಮಾತ್ರ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಕುಳಿತುಕೊಳ್ಳಬೇಕು. ಮೊಣಕಾಲು ಎದೆಗೆ ಬರುತ್ತದೆ. ಪರವಾಗಿಲ್ಲ.

ಎಂಜಿನ್ ನೋಡುವ ಮೊದಲೇ ಡ್ರೈವರಿಗೆ ಜುಮಾ ನಮಾಜಿನ ಹೊತ್ತಾಯಿತು. ಭಟ್ಟರು ಊಟಕ್ಕೆ ಹೋದರು. ಒಂದು ಗಂಟೆ ಆ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತೆ. ಅವರು ಹೊರಟಾಗ ಬಯ್ದುಕೊಂಡೆ, ಆಮೇಲೆ ಸಿಟ್ಟು ಎಲ್ಲಿಯೋ ಹೋಯಿತು. ಕಿಟಕಿಯಿಂದ ಬಿದ್ದ ಬಿಸಿಲು ಸೀಟಿನ ಹೊಲಿಗೆಯ ಮೇಲೆ ನಿಧಾನ ಸರಿಯಿತು. ಹೊಲಿಗೆ ಜೋಡಿಯದ್ದು, ಅಚ್ಚುಕಟ್ಟು. ನನ್ನ ಮೆಷಿನಿನಲ್ಲಿ ಅಷ್ಟು ದಪ್ಪದ್ದು ಹೊಲಿಯಲು ಬರುವುದಿಲ್ಲ. ಹೀಗೆಲ್ಲ ಯೋಚಿಸುತ್ತಿದ್ದಾಗ ಸಿಟ್ಟು ತಿರುಗಿ ಬಂತು.

ಅಲಿ ಕುಂಞಿ ಬಂದು ಸ್ಟಾರ್ಟ್ ಮಾಡಿದ. ಸ್ಟಾರ್ಟ್ ಆಗಿದೆಯೇ ಎಂದು ಕೇಳಬೇಕಾಯಿತು ನಾನು.

"ಆಗಿದೆ ನರ್ಸಮ್ಮ."

ಇದು ಅವನು ನನ್ನ ಜೊತೆ ಆಡಿದ ಮೊದಲ ಮಾತು, ಆವತ್ತಿನಿಂದ.


ನವೆಂಬರ್ ೧೯, ಭಾನುವಾರ

ಭಟ್ಟರು ಕಪ್ಪು ಕಾರನ್ನೇ ತೆಗೆಯುವುದೆಂದು ಹೇಳಿ ಕಳುಹಿಸಿದರು. ನಾನು ಅವರ ಮನೆಗೆ ನಡೆದುಕೊಂಡು ಹೋದೆ.

"ಪೆಟ್ರೋಲಿಗೆ ಎಷ್ಟಾಗ್ತದೆ ಗೊತ್ತುಂಟಾ? ಡೀಸೆಲ್ ಆದ್ರೆ ಅರ್ಧ. ಮತ್ತೆ ಜನ ಹಿಡೀಬೇಕಲ್ಲ!"

"ಡೀಸೆಲ್ ಗಾಡಿಯಲ್ಲಿ ನನಗೆ ಮಗುವಿನ ಎದೆಬಡಿತ ಕೇಳುವುದಿಲ್ಲ."

"ಕೇಳ್ದಿದ್ರೆ ಎಂಜಿನ್ ನಿಲ್ಸಿ ಕೇಳಿ."

"ನಿಲ್ಲಿಸಿ ಕೇಳಿದೆನಲ್ಲ, ಭಟ್ರೆ! ಮತ್ತೆ ಏನಾಯಿತು?"

ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಷ್ಟು ಜೋರಾಗಿ ಕೂಗಿದೆನೋ ಏನೋ. ಎಂಜಿನ್ ಓಡುತ್ತಿರುವಾಗಲೇ ಬಡಿತ ಕೇಳಬೇಕು, ಅದು ನನ್ನ ಶರತ್ತು. ಯಾವ ಕಾರಿನಲ್ಲಿ ಕೇಳುತ್ತದೋ ಅದು. ಎರಡನ್ನೂ ಇಲ್ಲಿಗೆ ತರಿಸಿ, ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೆ. ಭಟ್ಟರು, "ಆಯ್ತು ಮಾರಾಯ್ರೆ, ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ" ಎಂದರು. ಕುಡಿಯಲಿಲ್ಲ.

ಹೊರಗೆ ಬಂದ ಮೇಲೆ ಹೊಳೆಯಿತು: ಪರೀಕ್ಷೆಗೆ ಬಸುರಿ ಬೇಕು. ದುಗ್ಗಮ್ಮನ ಸುದ್ದಿ ಆದ ಮೇಲೆ ಯಾವ ಬಸುರಿ ಸುಮ್ಮನೆ ಕಾರು ಹತ್ತುತ್ತಾಳೆ?


ನವೆಂಬರ್ ೨೨, ಬುಧವಾರ

ಅಲಿ ಕುಂಞಿ ತನ್ನ ಮಗಳನ್ನು ಕರೆದುಕೊಂಡು ಬಂದ. ಮುನೀರಾ. ಚೊಚ್ಚಲಿಗೆಂದು ಗಂಡನ ಮನೆಯಿಂದ ಬಂದವಳು, ಏಳು ತುಂಬಿದೆ. ಹಿಂದೆ ತಾಯಿ ನೆಬೀಸ ಕೊಡೆ ಹಿಡಿದುಕೊಂಡು. ನಾನು ಯಾರನ್ನೂ ಕೇಳಿರಲಿಲ್ಲ.

"ಯಾರು ಹೇಳಿದ್ದು ನಿಮಗೆ?" ಎಂದೆ.

"ಭಟ್ರು ಹೇಳಿದ್ರು, ಬಸುರಿ ಬೇಕು ಅಂತ. ಮನೇಲೇ ಉಂಟಲ್ಲ" ಎಂದ ಅಲಿ ಕುಂಞಿ.

ಮೊದಲು ಕಪ್ಪು ಕಾರು. ಮುನೀರಾ ಮಲಗಿದಳು, ನೆಬೀಸ ಕಿಟಕಿಗೆ ದುಪ್ಪಟಿ ಕಟ್ಟಿದರು. ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿಯಿಟ್ಟೆ. ಎಂಜಿನ್ ನಿಂತಿದ್ದಾಗ ಬಡಿತ ಸ್ಪಷ್ಟ. "ಈಗ ಮಾಡಿ" ಎಂದೆ. ಆಮೇಲೆ ಏನೂ ಇಲ್ಲ. ಕೊಳವೆಯೊಳಗೆ ಅಕ್ಕಿ ಗಿರಣಿ. ನನ್ನ ಕಿವಿಗೆ ಅವತ್ತಿನ ಏರು ಬಂದು ಕುಳಿತಿತು. ಹೊಟ್ಟೆಯ ಮೇಲೆ ಕೈಯಿಟ್ಟು ಕೊಳವೆಯ ಜಾಗ ಬದಲಿಸಿದೆ.

"ಅಮ್ಮ, ನಿಮ್ಮ ಕೈ ತಣ್ಣಗೆ ಉಂಟು" ಎಂದಳು ಹುಡುಗಿ.

ಆಮೇಲೆ ಬಿಳಿಯದು. ಎಡಮಗ್ಗುಲಾಗಿ ಮಡಚಿ ಮಲಗಿಸಿದೆ. "ಇದು ಆಗ್ತದೆ. ಅದ್ರಲ್ಲಿ ನನ್ನನ್ನು ಯಾರೋ ಗೆರಸೆಯಲ್ಲಿ ಹಾಕಿ ಕೇರಿದ ಹಾಗೆ ಆಯ್ತು" ಎಂದಳು. ನೆಬೀಸ ನಕ್ಕರು. ಎಂಜಿನ್ ಓಡುತ್ತಿತ್ತು. ಕಿವಿಯಿಟ್ಟೆ. ಮೊದಲು ದೂರದ ಗುನುಗು. ಅದರ ಕೆಳಗೆ, ಬಹಳ ಕೆಳಗೆ, ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ, ಟಕಟಕ ಟಕಟಕ. ಗಡಿಯಾರ ನೋಡಿ ಎಣಿಸಿದೆ. ನೂರ ನಲವತ್ತೆರಡು.

ತಲೆ ಎತ್ತಿದಾಗ ಅಲಿ ಕುಂಞಿ ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದರು. ಕನ್ನಡಿಯಲ್ಲಿಯೂ ಹಿಂದಕ್ಕೆ ನೋಡಿರಲಿಲ್ಲ. ಅದನ್ನು ಮೊದಲೇ ತಿರುಗಿಸಿಟ್ಟಿದ್ದರು.

"ಕೇಳ್ತದಾ?"

"ಕೇಳುತ್ತದೆ."

 ಎಂಜಿನ್ ನಿಲ್ಲಿಸುವುದನ್ನು ಮರೆತು ಅವರು ಇಳಿದು ಮಗಳಿಗೆ ಬಾಗಿಲು ತೆರೆಯಲು ಹೋದರು. ಎಷ್ಟು ಪೆಟ್ರೋಲು ಹಾಳು.


ನವೆಂಬರ್ ೨೩, ಗುರುವಾರ

ಭಟ್ಟರಿಗೆ ಕಿವಿಯ ಪರೀಕ್ಷೆ ಸಾಲದಾಯಿತು. ಬೆಂಕಿಪೆಟ್ಟಿಗೆ ಕರಿಕಲ್ಲು ಏರುತ್ತದೋ ನೋಡಬೇಕಂತೆ. ಏರಿನ ಬುಡಕ್ಕೆ ಊರೇ ಬಂದಿತ್ತು. ಅಚ್ಚುತನೂ ಬಂದಿದ್ದ, ಗಡ್ಡ ಬಿಟ್ಟುಕೊಂಡು.

"ಅವತ್ತು ಇದ್ದಷ್ಟೇ ಭಾರ ಹಾಕಿ ಏರಿಸ್ತೇನೆ. ಆಗ ಗೊತ್ತಾಗ್ತದೆ" ಎಂದರು ಅಲಿ ಕುಂಞಿ. ಎಂಟು ಜನ ಒಬ್ಬರ ಮೇಲೊಬ್ಬರು ಹತ್ತಿದರು. ಅಚ್ಚುತ ಅವತ್ತು ಕುಳಿತಲ್ಲಿಯೇ ಕುಳಿತ. ಅಷ್ಟಾಗಿದ್ದರೆ ಸಾಕಿತ್ತು. ಅಲಿ ಕುಂಞಿ ರಸ್ತೆ ಬದಿಯಿಂದ ಒಂದು ಅಕ್ಕಿ ಮೂಟೆ ಹೊತ್ತು ತಂದು ಡಿಕ್ಕಿಯಲ್ಲಿ ಇಟ್ಟರು. ಮುಚ್ಚಳ ಹಾಕಲು ಬರಲಿಲ್ಲ. ಅಚ್ಚುತ ಇಳಿದು ಬಂದು ಹಗ್ಗ ಬಿಗಿದ. ಒಬ್ಬರೂ ಯಾಕೆಂದು ಕೇಳಲಿಲ್ಲ. ಒಬ್ಬರೂ ನನ್ನ ಕಡೆ ನೋಡಲಿಲ್ಲ.

ಏರಿನ ಅರ್ಧಕ್ಕೆ, ಅವತ್ತು ನಿಂತ ಅದೇ ಹಲಸಿನ ಮರದ ಹತ್ತಿರ, ಬಿಳಿ ಕಾರೂ ನಿಂತಿತು.

ಆಮೇಲೆ ಮೂಟೆ ಇಳಿಸಿ, ನಾಲ್ಕೇ ಜನ ಕುಳಿತು ಏರಿಸಿದರು. ದಮ್ಮು ಕಟ್ಟದೆ ಏರಿತು. ಭಟ್ಟರು ಚಪ್ಪಾಳೆ ತಟ್ಟಿದರು.

ಯಾವ ಎಂಜಿನೂ ಈ ಊರನ್ನು ಪೂರ್ತಿ ಹೊರಲಾರದು. ಸಣ್ಣ ಕಾರಿನ ದೊಡ್ಡ ಗುಣವೆಂದರೆ ಅದರಲ್ಲಿ ಜಾಗ ಇಲ್ಲದಿರುವುದು. ಇದನ್ನು ವರದಿಯಲ್ಲಿ ಬರೆಯಬೇಕು.


ನವೆಂಬರ್ ೨೪

ಅಕ್ಕಿ ಮೂಟೆ ಇಡಲು ಯಾರು ಹೇಳಿದ್ದರು? ಯಾರು ಕೇಳಿದ್ದರು?


ನವೆಂಬರ್ ೨೮, ಮಂಗಳವಾರ

ಜಗಳ ಮಾಡಲೆಂದೇ ಅವರ ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಆರಂಭಿಸಿದೆ. ನೆಬೀಸ ಚಾಪೆ ಹಾಸಿದರು, ನಿಂತೇ ಇದ್ದೆ.

"ಅಕ್ಕಿ ಮೂಟೆ ಯಾಕೆ ಹಾಕಿದಿರಿ?"

"ಅವತ್ತಿನಷ್ಟೇ ಭಾರ ಇಲ್ಲದಿದ್ರೆ ಪರೀಕ್ಷೆ ಸುಳ್ಳಾಗ್ತದೆ ನರ್ಸಮ್ಮ."

"ಅವತ್ತು ಡಿಕ್ಕಿಯಲ್ಲಿ ಏನಿತ್ತು ಅಂತ ನೇರ ಹೇಳಿ!"

ಅವರು ಹೇಳಲಿಲ್ಲ. ಹಾಗಾಗಿ ನಾನೇ ಹೇಳಬೇಕಾಯಿತು. ಮೂರನೇ ಮನೆಗೂ ಕೇಳುವ ಹಾಗೆ ಹೇಳಿದೆ. ನನ್ನ ಹೊಲಿಗೆ ಮೆಷಿನ್. ಕಬ್ಬಿಣದ ಕಾಲು ಸಮೇತ. ಹೇಗೂ ಕಾರು ಪುತ್ತೂರಿಗೆ ಹೋಗುತ್ತದಲ್ಲ, ಪೆಡಲ್ ರಿಪೇರಿ ಮಾಡಿಸಿ ತರುವಾ ಎಂದು ನಾನೂ ಯೋಚಿಸಿದೆ. ಕನ್ನಡಕದವರ ಹಾಗೆ, ಕೋರ್ಟಿನವರ ಹಾಗೆ. ಹಗ್ಗ ಹುಡುಕಿ ಕಟ್ಟುವಾಗ ಕಾಲು ಗಂಟೆ ಹೋಯಿತು. ಅವಳು ಹಲಗೆಯ ಮೇಲೆ ಮುಲುಗುತ್ತಿದ್ದಳು. ನೋವು ಇನ್ನೂ ದೂರ ಇದೆ, ಹೊತ್ತು ಇದೆ ಎಂದುಕೊಂಡಿದ್ದೆ. ಹನ್ನೊಂದು ವರ್ಷದ ಅನುಭವ ಅಲ್ಲವೇ!

ಏರಿನಲ್ಲಿ ಜನ ಇಳಿದ ಮೇಲೆ ಅಲಿ ಕುಂಞಿ ಹಿಂದೆ ಬಂದು ನನ್ನ ಹತ್ತಿರ ಮೆಲ್ಲನೆ ಕೇಳಿದ್ದರು: "ಇದನ್ನೂ ಇಳಿಸುವಾ?"

"ಬೇಡ, ಇಳಿಸಲಿಕ್ಕೆ ಹೋಗಿ ಮುರಿದೀತು" ಎಂದಿದ್ದೆ.

ಹಾಗೆ ಎಂದಿದ್ದೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ? ನಾನು ಕಚೇರಿಗೆ ಬರೆದೆ, ನಿಮ್ಮ ಕಾರು ನಿಲ್ಲಿಸಿದೆ, ಆಗಲೂ ಬಾಯಿ ಬರಲಿಲ್ಲವೇ ನಿಮಗೆ?"

"ಹೇಳಿದ್ರೆ ಎಂತ ಆಗ್ತದೆ?" ಎಂದರು ಅವರು. "ನನ್ನ ಪರ್ಮಿಟ್ ಹೋದ್ರೆ ಅಂಗಡಿಯಲ್ಲಿ ಮೂಟೆ ಹೊತ್ತಾದ್ರೂ ಬದುಕ್ಬಹುದು. ನಿಮ್ಮ ಮೇಲಿನ ನಂಬಿಕೆ ಹೋದ್ರೆ ಈ ಹೆಂಗಸರು ಎಲ್ಲಿಗೆ ಹೋಗುದು? ಇವಳು ಎಲ್ಲಿಗೆ ಹೋಗುದು?" ಮುನೀರಾ ಒಳಬಾಗಿಲಲ್ಲಿ ನಿಂತಿದ್ದಳು. "ಮತ್ತೆ ತಪ್ಪು ನಂದೂ ಉಂಟು. ಅವತ್ತು ಆಗುದಿಲ್ಲ ಹೇಳ್ಬೇಕಿತ್ತು ನಾನು. ಯಾರಿಗೂ ಆಗುದಿಲ್ಲ ಹೇಳಿ ಅಭ್ಯಾಸ ಇಲ್ಲ. ಬಾಡಿಗೆ ಕಾರಿನವ ಆಗುದಿಲ್ಲ ಹೇಳಿದ್ರೆ ಮರುದಿನ ಯಾರು ಕರೀತಾರೆ?"

ಎಂಥ ಸಿಟ್ಟು ಬಂತು! ಯಾರು ಕೇಳಿದ್ದರು ಇವರ ಈ ಉಪಕಾರವನ್ನು? ಬಯ್ದಿದ್ದರೆ ನಾನು ತಿರುಗಿ ಬಯ್ಯುತ್ತಿದ್ದೆ. ಇದಕ್ಕೆ ಏನು ಮಾಡುವುದು?

ನೆಬೀಸ ಚಹಾ ತಂದರು. ಕುಡಿದೆ. ಚಾಪೆಯ ಮೇಲೆ ಯಾವಾಗ ಕುಳಿತೆನೋ.


ಡಿಸೆಂಬರ್ ೪, ಸೋಮವಾರ

ಪುತ್ತೂರು. ವಿಚಾರಣೆಗೆ ಅರ್ಧ ಗಂಟೆ ಹಿಡಿಯಿತು.

ಅರ್ಜಿಯಲ್ಲಿ ಡಿಕ್ಕಿಯಲ್ಲಿ ಸಾಮಾನು ಇತ್ತೆಂದು ಬರೆದಿದ್ದೀರಿ, ಯಾರದು ಎಂದು ಬರೆದಿಲ್ಲ ಎಂದರು ಅಧಿಕಾರಿ. ನನ್ನದು ಎಂದೆ. ಇಳಿಸುವುದು ಬೇಡ ಎಂದವಳೂ ನಾನೇ, ಅದನ್ನೂ ಬರೆದುಕೊಳ್ಳಿ ಎಂದೆ. ಗುಮಾಸ್ತರ ಕೈ ನಿಂತಿತು. "ಬರೆಯಿರಿ" ಎಂದು ಅವರಿಗೂ ಗದರಿಸಿದೆ.

ಹಿಂದಿನ ಸೀಟಿನ ಹಲಗೆ ತೆಗೆದು ಸ್ಪ್ರಿಂಗು ಹಾಕಿಸಿದ ಮೇಲೆ ಪರ್ಮಿಟ್ ವಾಪಸು ಕೊಡುತ್ತಾರಂತೆ. ನನಗೆ ಏನೂ ಶಿಕ್ಷೆ ಇಲ್ಲ. ಅದು ಅವರ ಕಾನೂನಿನಲ್ಲಿ ಇಲ್ಲವಂತೆ. ಎಂಥ ಕಾನೂನು!

ಹೊರಗೆ ಅಚ್ಚುತ ನಿಂತಿದ್ದ. ಅವನು ಹೊಡೆದಿದ್ದರೂ ನಿಲ್ಲುತ್ತಿದ್ದೆ.

"ಅವತ್ತು ಹೊರಡುವಾಗ ನಾನು ನನ್ನ ಭಾವನಿಗೆ ಇಳಿ ಹೇಳ್ಲಿಲ್ಲ ಅಮ್ಮ" ಎಂದ. "ಅವನಿಗೆ ಪುತ್ತೂರಿನಲ್ಲಿ ಎಂತ ಕೆಲಸವೂ ಇರ್ಲಿಲ್ಲ. ಕಾರಲ್ಲಿ ಕೂರುವ ಆಸೆ ಅಷ್ಟೇ."

 ಬಸ್ಸಿನಲ್ಲಿ ಜಾಗ ಇರಲಿಲ್ಲ. ಅಲಿ ಕುಂಞಿಯೂ ಸೇರಿ ಮೂವರೂ ಸುಳ್ಯದ ತನಕ ನಿಂತುಕೊಂಡು ಬಂದೆವು.


೧೯೬೨ ಜನವರಿ ೧೧, ಗುರುವಾರ

ಬಿಳಿ ಕಾರು ಬಂತು. ಭಟ್ಟರು ಅರಶಿನ ಕುಂಕುಮ ಹಚ್ಚಿ ಲಿಂಬೆಹಣ್ಣು ಚಕ್ರದಡಿ ಇಟ್ಟರು. ಓಡಿಸುವವರು ಅಲಿ ಕುಂಞಿಯವರು. ತಮ್ಮ ಹಳೆಯ ಕಾರನ್ನು ಮಾರಿದ್ದಾರೆ.

ಬಾಗಿಲಿನ ಒಳಬದಿಗೆ ಅಂಟಿಸಲು ನಾನು ಬರೆದ ಕಾಗದವನ್ನು ಭಟ್ಟರು ಎರಡು ಸಲ ಓದಿದರು. ಹೆರುವವಳು, ಅವಳ ಜೊತೆ ಒಬ್ಬ ಹೆಂಗಸು, ನರ್ಸು, ಡ್ರೈವರ್, ಇಷ್ಟೇ ಜನ. ಡಿಕ್ಕಿಯಲ್ಲಿ ಯಾರ ಸಾಮಾನನ್ನೂ ಇಡಬಾರದು, ನರ್ಸಿನದ್ದನ್ನೂ.

"ಈ ಕೊನೇ ಮಾತು ಯಾಕೆ ನರ್ಸಮ್ಮ? ಊರವರು ನಗಾಡ್ತಾರೆ."

"ನಗಾಡಲಿ. ಓದಿಯಾದರೂ ನಗಾಡುತ್ತಾರಲ್ಲ."

ಸಂಜೆ ಮೆಷಿನಿನ ಬೆಡ್‌ಶೀಟ್ ತೆಗೆದೆ. ಪೆಡಲ್ ಕೆಲಸ ಮಾಡುವುದಿಲ್ಲ. ಕೈಯಲ್ಲಿ ಚಕ್ರ ತಿರುಗಿಸಿ ಹೊಲಿಯಬಹುದು, ನಿಧಾನ ಅಷ್ಟೇ. ಸಣ್ಣ ಅಂಗಿ ಕತ್ತರಿಸಲು ಅಳತೆಗೆ ಕಾಗದ ಬೇಕಿತ್ತು. ಮೇಜಿನ ಮೇಲೆ ಸಿಕ್ಕಿದ್ದು ಕಡಬದ ಅರ್ಜಿ. ಗಟ್ಟಿ ಕಾಗದ, ಸರಿಯಾಯಿತು. ಇನ್ನೊಂದು ಬರೆದರಾಯಿತು.


ಜನವರಿ ೨೬, ಶುಕ್ರವಾರ

ಶಾಲೆಯಲ್ಲಿ ಧ್ವಜ ಏರಿಸುವುದಕ್ಕೆ ಭಟ್ಟರು ಹೊಸ ಪಂಚೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕುಳಿತೇ ಆಗಿತ್ತು. ಅಷ್ಟರಲ್ಲಿ ತಿಮ್ಮಕ್ಕ ಓಡಿ ಬಂದಳು. ಮುನೀರಾಳಿಗೆ ಮುಂಜಾನೆಯಿಂದ ನೋವು, ಮಗು ಕಾಲು ಮುಂದಾಗಿದೆ, ಇಲ್ಲಿ ಆಗುವ ಕೆಲಸವಲ್ಲ.

"ಇಳೀರಿ ಭಟ್ರೆ" ಎಂದೆ.

"ಶಾಲೆ ದಾರಿಯಲ್ಲೇ ಉಂಟಲ್ಲ, ಅಲ್ಲಿ ತನಕ—"

"ಬಾಗಿಲಿನ ಕಾಗದ ಓದಿ."

ಇಳಿದು ನಡೆದರು. ಪಂಚೆ ಎತ್ತಿಕೊಂಡು ಬೇಗ ಬೇಗ.

ಮನೆಯ ಮುಂದೆ ಅಲಿ ಕುಂಞಿಯವರ ನೆಂಟರೆಲ್ಲ ಸೇರಿದ್ದರು. ಅವರ ಭಾವ ಕಾಸಿಂ ಶುಭ್ರ ಅಂಗಿ ಹಾಕಿ, ಮುಂದಿನ ಬಾಗಿಲಿನ ಹತ್ತಿರ ನಿಂತಿದ್ದರು. ಒಂದು ಕಾಲು ಒಳಗೆ ಇಟ್ಟಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಲಿ ಕುಂಞಿಯವರು ಹೇಳಿದರು:

"ಆಗುದಿಲ್ಲ ಭಾವ."

"ನಾನು ಮನೆಯವನಲ್ವಾ?"

"ಆಗುದಿಲ್ಲ. ಬಸ್ಸಿಗೆ ಬನ್ನಿ."

 ಅವರ ಐವತ್ತು ವರ್ಷದಲ್ಲಿ ಆಗುದಿಲ್ಲ ಎಂದದ್ದು ಅದು ಮೊದಲ ಸಲ ಇರಬೇಕು. ಆಮೇಲೆ ಹಿಂದೆ ಹೋಗಿ ಡಿಕ್ಕಿ ತೆರೆದು, ನನಗೆ ಕಾಣುವ ಹಾಗೆ ಬದಿಗೆ ಸರಿದು ನಿಂತರು. ಖಾಲಿ. ಕಾರು ಬಂದ ದಿನದಿಂದ ಪ್ರತಿ ಸಲ ಹೊರಡುವ ಮೊದಲು ಹೀಗೆಯೇ ಮಾಡುತ್ತಾರೆ. ನನಗೆ ಪ್ರತಿ ಸಲ ಕೆನ್ನೆಗೆ ಬಾರಿಸಿದ ಹಾಗೆ ಆಗುತ್ತದೆ.

"ನೋಡಿದೆ. ಮುಚ್ಚಿ" ಎಂದೆ.

ಕರಿಕಲ್ಲಿನ ಬುಡದಲ್ಲಿ, ನಾನು ಹೇಳುವ ಮೊದಲೇ, ಕಾರು ನಿಧಾನವಾಗಿ ನಿಂತಿತು.

"ಕೇಳಿ ಅಮ್ಮ. ಎಂಜಿನ್ ನಿಲ್ಲಿಸುದಿಲ್ಲ."

ಕೇಳಿದೆ. ಇತ್ತು. ನೂರ ಮೂವತ್ತಾರು. "ಹೋಗಿ" ಎಂದೆ. ಆಮೇಲೆ ಮುನೀರಾಳ ನೋವು ಬಂತು. ಅವಳು ಪಾದವನ್ನು ಬಾಗಿಲಿಗೆ ಒತ್ತಿ ನನ್ನ ಕೈ ಹಿಡಿದಳು. ಕಾಲಿಡುವ ಜಾಗದಲ್ಲಿ ಮಡಚಿ ಕುಳಿತು ಗಡಿಯಾರ ನೋಡಿ ನೋವಿನ ಅಂತರ ಎಣಿಸುತ್ತಿದ್ದೆ. ಒಂದು ನೋವು, ಮತ್ತೊಂದು, ಮಗದೊಂದು. ಮೂರನೆಯದು ಇಳಿದ ಮೇಲೆ ತಲೆ ಎತ್ತಿ, "ಏರು ಬಂತಾ?" ಎಂದು ಕೇಳಿದೆ.

"ಏರು ಆಗಿ ಎರಡು ಮೈಲಾಯ್ತು" ಎಂದರು ನೆಬೀಸ.

ಹೆಣ್ಣು ಮಗು. ಪುತ್ತೂರಿನ ಆಸ್ಪತ್ರೆಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ. ತಾಯಿ ಕ್ಷೇಮ. ನಾನು ಹೊಲಿದ ಅಂಗಿ ಸ್ವಲ್ಪ ದೊಡ್ಡದಾಯಿತು, ಒಂದು ತೋಳಿನ ಹೊಲಿಗೆ ಸೊಟ್ಟ. ಬಿಚ್ಚಿ ಹೊಲಿಯಬೇಕು.